ವಾಟ್ಸಿಟ್ (ಉಪಕರಣ ಗುರುತಿಸುವ ಆಟ)

ವಾಟ್ಸಿಟ್ ಎಂಬುದು ಬಳಕೆಯಿಂದ ಮರೆಯಾದ ಕೈ ಉಪಕರಣವೊಂದನ್ನು, ಬಹುಮಟ್ಟಿಗೆ ಮರಗೆಲಸದ ಉಪಕರಣವನ್ನು, ಸಭೆಯಲ್ಲಿ ತೋರಿಸಿ ಅದರ ಹೆಸರನ್ನೂ ಉಪಯೋಗವನ್ನೂ ಊಹಿಸುವ ಆಟ. 'ಇದೇನು?' ಎಂಬರ್ಥದ ಇಂಗ್ಲಿಷ್ ಪ್ರಶ್ನೆಯೇ ಇದರ ಹೆಸರಾಗಿದೆ. 1933ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಅರ್ಲಿ ಅಮೆರಿಕನ್ ಇಂಡಸ್ಟ್ರೀಸ್ ಅಸೋಸಿಯೇಷನ್‌ನಂತಹ ಸಂಘಗಳಲ್ಲಿ ಇದು ರೂಢಿಯಲ್ಲಿದೆ.

ಅಲಗಿನ ಓರೆ, ಹಿಡಿ ಸವೆದಿರುವ ಜಾಗ, ತಯಾರಕರ ಮುದ್ರೆ ಇವು ಊಹೆಗೆ ಆಧಾರಗಳು. ಆದರೆ ಕಣ್ಣಿಗೆ ಕಂಡದ್ದೇ ದಾರಿ ತಪ್ಪಿಸುವುದೂ ಉಂಟು. ಫ್ರೋ ಎಂಬ ಉಪಕರಣಕ್ಕೆ ಉದ್ದನೆಯ ಅಲಗು, ಅದಕ್ಕೆ ಲಂಬವಾಗಿ ಮರದ ಹಿಡಿ ಇರುತ್ತದೆ. ಅಲಗಿನ ಬೆನ್ನಿಗೆ ಕೊಡತಿಯಿಂದ ಹೊಡೆದು, ಹಿಡಿಯನ್ನು ಮೀಟಿ, ಮರವನ್ನು ಅದರ ಎಳೆಯ ಗುಂಟ ಸೀಳಿ ಛಾವಣಿಗೆ ಹೊದಿಸುವ ತೆಳುಹಲಗೆಗಳನ್ನು ತೆಗೆಯುತ್ತಿದ್ದರು. ಇದು ಕತ್ತರಿಸುವ ಸಾಧನವಲ್ಲ, ಸೀಳುವ ಸಾಧನ. ಆದಕಾರಣ ಅಲಗು ಹರಿತವಾಗಿರಬೇಕಿಲ್ಲ. ಇದನ್ನರಿಯದೆ ಮೊಂಡುಗತ್ತಿಯೆಂದು ಭಾವಿಸಿ ಸಾಣೆ ಹಿಡಿದರೆ ಮೂಲ ಅಂಚೇ ನಾಶವಾಗುತ್ತದೆ. ಮರದ ಪೀಪಾಯಿಯ ಒಳಬದಿಯಲ್ಲಿ ಮುಚ್ಚಳ ಕೂರುವ ತೋಡನ್ನು ಕೊರೆಯುವ ಕ್ರೋಜ್ ಕೂಡ, ಪೀಪಾಯಿ ಕಟ್ಟುವುದನ್ನು ಕಂಡಿರದವರಿಗೆ ಒಗಟೇ ಸರಿ.

ಸಂದೇಹ ಬಂದಾಗ 1700ರಿಂದ 1970ರವರೆಗಿನ ಮರಗೆಲಸದ ಉಪಕರಣಗಳನ್ನು ವಿವರಿಸುವ ಆರ್. ಎ. ಸಲಮನ್ ಅವರ ನಿಘಂಟು (1975) ನೆರವಿಗೆ ಬರುತ್ತದೆ. ಕುಶಲಕರ್ಮಿಯು ತನ್ನದೊಂದು ಕೆಲಸಕ್ಕೆಂದು ತಾನೇ ಮಾಡಿಕೊಂಡ ಉಪಕರಣಗಳು ಮಾತ್ರ ಯಾವ ನಿಘಂಟಿನಲ್ಲಿಯೂ ದೊರೆಯುವುದಿಲ್ಲ.