ಎಂ.ಫಿಲ್. ಮತ್ತು ಪಿಎಚ್.ಡಿ.: ಸಂಶೋಧನೆಯ ಎರಡು ದಾರಿಗಳು

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಸಂಶೋಧನಾ ಪದವಿಯಾಗಿ ರೂಪುಗೊಂಡ ಪಿಎಚ್.ಡಿ.ಯನ್ನು ಅಮೆರಿಕದಲ್ಲಿ ಮೊದಲು ಯೇಲ್ ವಿಶ್ವವಿದ್ಯಾಲಯವು 1861ರಲ್ಲಿ ಪ್ರದಾನ ಮಾಡಿತು. ಬ್ರಿಟನ್ನಿನ ಆಕ್ಸ್‌ಫರ್ಡ್ ಅದನ್ನು ಡಿ.ಫಿಲ್. ಎಂಬ ಹೆಸರಿನಲ್ಲಿ 1917ರಲ್ಲಿ ಆರಂಭಿಸಿತು. ಭಾರತದಲ್ಲಿ ಸ್ನಾತಕೋತ್ತರ ಪದವಿಗೂ ಪಿಎಚ್.ಡಿ.ಗೂ ನಡುವಿನ ಮೆಟ್ಟಿಲಾಗಿ ಎಂ.ಫಿಲ್. ಬೆಳೆಯಿತು. ಒಂದೆರಡು ವರ್ಷಗಳ ಈ ಪದವಿಯಲ್ಲಿ ಅಭ್ಯರ್ಥಿಯು ಸಂಶೋಧನಾ ವಿಧಾನವನ್ನು ಕಲಿತು, ಸೀಮಿತ ವಿಷಯದ ಮೇಲೆ ಕಿರುಪ್ರಬಂಧವನ್ನು ಬರೆದು, ಮೌಖಿಕ ಪರೀಕ್ಷೆಯಲ್ಲಿ ಅದನ್ನು ಸಮರ್ಥಿಸಿಕೊಳ್ಳುತ್ತಿದ್ದನು. ಕನಿಷ್ಠ ಮೂರು ವರ್ಷ ಬೇಡುವ ಪಿಎಚ್.ಡಿ.ಯಾದರೋ ಜ್ಞಾನಕ್ಕೆ ಹೊಸ ಕೊಡುಗೆಯಾಗಬಲ್ಲ ಮಹಾಪ್ರಬಂಧವನ್ನೇ ನಿರೀಕ್ಷಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಂ.ಫಿಲ್. ನಿಲ್ಲಿಸಲು ಸೂಚಿಸಿತು; ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯು ಅದನ್ನು ಕೈಬಿಟ್ಟಿದ್ದಲ್ಲದೆ, ನಾಲ್ಕು ವರ್ಷಗಳ ಪದವಿಯಲ್ಲಿ ಶೇ. 75 ಅಂಕ ಗಳಿಸಿದವರಿಗೆ ಪಿಎಚ್.ಡಿ.ಯ ನೇರ ಬಾಗಿಲನ್ನೂ ತೆರೆಯಿತು. ಎಂ.ಫಿಲ್. ಎಂಬ ಮೆಟ್ಟಿಲು ಇಲ್ಲವಾದುದರಿಂದ, ಅದು ಕಲಿಸುತ್ತಿದ್ದ ಪೂರ್ವಸಿದ್ಧತೆಯ ಹೊಣೆಯನ್ನು ಪಿಎಚ್.ಡಿ.ಯ ಆರಂಭದ ಕೋರ್ಸ್‌ವರ್ಕ್, ಎಂದರೆ ಕಡ್ಡಾಯ ಪಾಠಕ್ರಮವೇ ಶ್ರದ್ಧೆಯಿಂದ ಹೊರಬೇಕಾಗಿದೆ.