ಸಿಹಿ ಮಾರ್ಟಿನಿಯಿಂದ ಸೇಂದಿಯವರೆಗೆ

ಮೊನ್ನೆ ಕಲಬುರಗಿಯಲ್ಲಿ ಗೆಳೆಯನೊಬ್ಬ ಸಿಹಿ ಮಾರ್ಟಿನಿ ಮಾಡಿಕೊಟ್ಟ. ಎರಡು ಪಾಲು ಜಿನ್, ಒಂದು ಪಾಲು ಇಟಲಿಯ ಕೆಂಪು ವರ್ಮೂತ್, ಒಂದೆರಡು ಹನಿ ಬಿಟರ್ಸ್. ಐಸ್ ಹಾಕಿ ಅರ್ಧ ನಿಮಿಷ ಕಲಕಿ, ಸೋಸಿ, ಮೇಲೊಂದು ಚೆರ್ರಿ. ಅಷ್ಟೇ!

ಮಾರ್ಟಿನಿ ಅಂದ್ರೆ ಬಾಂಡ್ ಸಿನಿಮಾದ ಡ್ರೈ ಪೇಯ ಅಂದ್ಕೊಂಡಿದ್ದೆ. ಆದರೆ ಹಳೆಯದು ಸಿಹಿಯೇ ಅಂತೆ. 1884ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬೈರನ್ ಎಂಬಾತನ ಪುಸ್ತಕದಲ್ಲಿ ಇದರ ಹಿರಿಯಣ್ಣ 'ಮಾರ್ಟಿನೆಝ್' ಇದೆ. ಡ್ರೈ ವರ್ಮೂತ್‌ನ ಹುಚ್ಚು ಹತ್ತಿದ್ದು ಆಮೇಲೆ.

"ನಮ್ಮ ಸೇಂದಿನೂ ಮುಂಜಾನಿ ಸಿಹಿನೇ ಇರ್ತದ ನೋಡಪ್ಪ" ಅಂದ ಗೆಳೆಯ. ಮಾತು ಅಲ್ಲಿಂದ ಕಮಲಾಪುರದ ಕಡೆ ಹೊರಳಿತು. ಕಮಲಾಪುರ ಅಂದ್ರೆ ನಮಗೆಲ್ಲ ಕೆಂಪು ಬಾಳೆಹಣ್ಣು. ಈಚಲು ಮರದ ನೆನಪು ಯಾರಿಗೂ ಬರೋದಿಲ್ಲ.

ಈಚಲಿನ ತಲೆಯ ಕೆಳಗೆ ಕಾಂಡ ಕೆತ್ತಿ ಸಂಜೆ ಮಡಕೆ ಕಟ್ಟುತ್ತಾರೆ. ಬೆಳಗಿಗೆ ಸಿಹಿ ರಸ. ಮಡಕೆಗೆ ಸುಣ್ಣ ಬಳಿದಿದ್ದರೆ ನೀರಾ, ಇಲ್ಲದಿದ್ದರೆ ಬಿಸಿಲೇರುವಷ್ಟರಲ್ಲಿ ಹುಳಿ ಬಂದು ಸೇಂದಿ. ಜಿನ್‌ಗೆ ಬೇಕಾಗುವ ಭಟ್ಟಿ, ಜೂನಿಪರ್ ಕಾಯಿ ಏನೂ ಬೇಡ. ಗಾಳಿಯಲ್ಲಿರೋ ಯೀಸ್ಟೇ ಸಾಕು.

ನಿಜಾಮನ ಕಾಲಕ್ಕೆ ಈ ಹುಳಿ ನೀರಿನಿಂದ ಖಜಾನೆಗೆ ಭಾರೀ ಹಣ. 'ಅಬಕಾರಿ' ಪದವೂ ಪಾರಸಿಯದೇ, ಆಬ್ ಅಂದರೆ ನೀರು. ಹಾಗಾಗಿಯೇ 1947ರ ಆಗಸ್ಟ್‌ನಲ್ಲಿ ಸ್ವಾಮಿ ರಾಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ ಚಳವಳಿ ಶುರುವಾದಾಗ, ಕೊಡಲಿ ಬಿದ್ದದ್ದು ಸೇಂದಿ ಮರಗಳಿಗೆ! ಮರ ಬಿದ್ದರೆ ನಿಜಾಮನ ವರಮಾನವೂ ಬೀಳುತ್ತೆ ಅನ್ನೋ ಲೆಕ್ಕ. ಮೈಸೂರು ಸೀಮೆಯಲ್ಲಿ ಇದು 1939ರಲ್ಲೇ ನಡೆದಿತ್ತು; ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಕಡಿದ ಸತ್ಯಾಗ್ರಹಕ್ಕೆ ನಿಜಲಿಂಗಪ್ಪನವರು ಜೈಲಿಗೆ ಹೋಗಿದ್ದರು.

1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಕಡಿದವರು ಹೋರಾಟಗಾರರಾದರು, ಸರಿ. ಆದರೆ ಮರ ಹತ್ತಿ ಹೊಟ್ಟೆ ಹೊರೆಯುತ್ತಿದ್ದವನ ಕತೆ? ಮರ ಖಜಾನೆಗೆ ಸೇರಿದ್ದಿರಬಹುದು, ಕತ್ತಿ, ಹಗ್ಗ, ಮಡಕೆ ಮಾತ್ರ ಅವನವೇ. ಅವನ ಹೆಸರು ನಾನು ಓದಿದ ಯಾವ ಪುಟದಲ್ಲೂ ಸಿಗಲಿಲ್ಲ. ಮಾರ್ಟಿನೆಝ್ ಯಾರು, ಯಾವೂರು ಅಂತ ಅಮೆರಿಕದವರು ಇನ್ನೂ ಜಗಳ ಆಡ್ತಿದಾರೆ ನೋಡಿ.

ಆಮೇಲೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೂ ನಿಂತಿತು. ಉಳಿದದ್ದು ಬಾಟಲಿ ಜಿನ್, ವಿಸ್ಕಿ.

ನಿಮ್ಮ ಅಜ್ಜನೋ ಮುತ್ತಜ್ಜನೋ ಈಚಲು ಹತ್ತಿದವರಾಗಿದ್ದರೆ, ಇಲ್ಲಾ ಕಡಿದವರಾಗಿದ್ದರೂ ಸರಿ, ಕಮೆಂಟಿನಲ್ಲಿ ಒಂದೆರಡು ಸಾಲು ಬರೀರಿ.