ಆಟದ ರಾತ್ರಿ ಮತ್ತು ಅಭಿಮಾನಿಯ ಕ್ಯಾಸೆಟ್



ಶಿಕಾರಿಪುರ ತಾಲ್ಲೂಕಿನ ಈಸೂರಿನ ಹೆಸರು ತಮಗೆ ಹೊಸದಲ್ಲ. 1942ರ ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಆ ಊರಿನವರು ವೀರಭದ್ರ ದೇವಾಲಯದ ಮೇಲೆ ಧ್ವಜವೇರಿಸಿ ತಾವು ಸ್ವತಂತ್ರರೆಂದು ಸಾರಿದರು. ಎಳೆಯ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡರು. ಮರುವರ್ಷದ ಮಾರ್ಚ್ ತಿಂಗಳಲ್ಲಿ ಐವರು ಗಲ್ಲಿಗೇರಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಅವರ ಘೋಷಣೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದನ್ನು ಮೊದಲು ಕೂಗಿದ ದನಿ ಹೇಗಿತ್ತು, ಯಾವ ಪದದ ಮೇಲೆ ಒತ್ತು ಬಿದ್ದಿತ್ತು ಎಂದು ಕೇಳಿ ತಿಳಿಯಲು ನಮಗೆ ದಾರಿಯಿಲ್ಲ. ಮಾತು ಉಳಿಯಿತು, ದನಿ ಹೋಯಿತು.

ದನಿಯ ಸ್ವಭಾವವೇ ಅಂಥದು. ಹುಟ್ಟಿದ ಗಳಿಗೆಯಲ್ಲೇ ಅದು ಮುಗಿದುಹೋಗುತ್ತದೆ. ಇದಾದ ಮೂರು ನಾಲ್ಕು ದಶಕಗಳಲ್ಲಿ ಇದೇ ಮಲೆನಾಡಿನ ಸೀಮೆಯ ಸಾಮಾನ್ಯ ಪ್ರೇಕ್ಷಕನ ಕೈಗೆ ದನಿಯನ್ನು ಹಿಡಿದಿಡುವ ಒಂದು ಸಣ್ಣ ಯಂತ್ರ ಬಂದಿತು. ಅವನು ಅದನ್ನು ಹೆಗಲಿಗೇರಿಸಿಕೊಂಡು ಆಟ ನೋಡಲು ಹೋದ. ಹಾಗೆ ಹಿಡಿದಿಟ್ಟ ರಾತ್ರಿಗಳೇ ಇಂದು ನಮ್ಮ ರಂಗಕಲೆಯ ಇತಿಹಾಸಕ್ಕೆ ಬಹುಮುಖ್ಯ ಆಧಾರಗಳಾಗಿವೆ. ಆ ಆಧಾರಗಳ ಕಥೆಯನ್ನು ಇಲ್ಲಿ ತಮ್ಮ ಮುಂದಿಡಲಾಗಿದೆ.

ಮೂರು ನಿಮಿಷದ ತಟ್ಟೆ

ನಮ್ಮ ದೇಶದಲ್ಲಿ ಧ್ವನಿಮುದ್ರಣದ ವ್ಯಾಪಾರ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗೌಹರ್ ಜಾನ್ ಅವರ ಹಾಡುಗಳು ಆಗಲೇ ಮುದ್ರಿತವಾದವು. ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ತಾವೇ ಘೋಷಿಸುತ್ತಿದ್ದರು. ಇಂದು ಕೇಳುವವರಿಗೆ ಅದು ವಿನೋದವಾಗಿ ತೋರಬಹುದು. ಆದರೆ ಹಾಡಿದವರು ಯಾರೆಂಬುದು ಹಾಡಿನ ಜೊತೆಗೇ ಉಳಿಯಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿಗೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಅಂದಿನ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸಬಲ್ಲ ಗಾಯಕರೂ ಗಡಿಯಾರ ನೋಡಿಕೊಂಡು ಹಾಡಬೇಕಾಗಿತ್ತು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ (1910–1992) ಹಳೆಯ ತಟ್ಟೆಗಳನ್ನೂ ಮುಂದೆ ಅವರ ಬೈಠಕ್‌ಗಳಲ್ಲಿ ಮುದ್ರಿಸಿಕೊಂಡ ಗಾಯನವನ್ನೂ ಒಟ್ಟಿಗೆ ಕೇಳಿದವರಿಗೆ ಈ ಅಂತರ ಚೆನ್ನಾಗಿ ಗೊತ್ತು. ತಟ್ಟೆಯಲ್ಲಿ ರಾಗದ ಚಿತ್ರ ಸಿಗುತ್ತದೆ. ಬೈಠಕ್‌ನಲ್ಲಿ ಗಾಯಕ ಯೋಚಿಸುವುದು, ತಡೆಯುವುದು, ಸಭೆಯ ‘ವಾಹ್’ ಕೇಳಿ ಇನ್ನೊಂದು ದಾರಿ ಹಿಡಿಯುವುದು ಎಲ್ಲವೂ ಸಿಗುತ್ತದೆ.

ನಡೆಯುತ್ತಿರುವ ಕಾರ್ಯಕ್ರಮವನ್ನೇ ಹಿಡಿಯಬೇಕೆಂಬ ಆಸೆಯೂ ಯಂತ್ರದಷ್ಟೇ ಹಳೆಯದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಗ್ರಂಥಪಾಲಕ ಲಯನೆಲ್ ಮೇಪಲ್‌ಸನ್ 1901ರಿಂದ 1903ರವರೆಗೆ ಪ್ರದರ್ಶನ ನಡೆಯುತ್ತಿರುವಾಗಲೇ ಮೇಣದ ಸಿಲಿಂಡರುಗಳ ಮೇಲೆ ತುಣುಕು ತುಣುಕಾಗಿ ಗಾಯನವನ್ನು ಮುದ್ರಿಸಿಕೊಂಡ. ಕರಕರ ಸದ್ದಿನ ನಡುವೆ ಎಲ್ಲೋ ದೂರದಿಂದ ಬಂದಂತೆ ಕೇಳುವ ಆ ದನಿಗಳನ್ನು ಸಂಗೀತದ ಇತಿಹಾಸಕಾರರು ಇಂದಿಗೂ ಕಿವಿಗೊಟ್ಟು ಕೇಳುತ್ತಾರೆ.

ಡೇರೆಯ ಮೂಲೆಯಲ್ಲಿ ಟೇಪ್ ರೆಕಾರ್ಡರ್

1963ರಲ್ಲಿ ಫಿಲಿಪ್ಸ್ ಕಂಪನಿ ಅಂಗೈಯಗಲದ ಕ್ಯಾಸೆಟ್ಟನ್ನು ಹೊರತಂದಿತು. ನಮ್ಮ ಹಳ್ಳಿಗಳಿಗೆ ಅದು ತಲುಪಿದ್ದು ನಿಧಾನವಾಗಿ. ಎಂಬತ್ತರ ದಶಕದ ಹೊತ್ತಿಗೆ ಅಡಿಕೆ ಮಾರಿದ ಹಣದಲ್ಲೋ, ಊರಿಗೆ ಬಂದ ನೆಂಟರ ಕೈಯಲ್ಲೋ ಟೇಪ್ ರೆಕಾರ್ಡರ್ ಮನೆ ಸೇರಿತ್ತು. ಸೊರಬ, ಸಾಗರ, ಹೊಸನಗರ, ಸಿದ್ದಾಪುರದ ಕಡೆಯ ಯಕ್ಷಗಾನ ಪ್ರಿಯರಿಗೆ ಅದರ ಉಪಯೋಗವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಯಕ್ಷಗಾನದಲ್ಲಿ ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಅರ್ಥವನ್ನು ಪಾತ್ರಧಾರಿ ಅಲ್ಲಿಯೇ, ಆ ಗಳಿಗೆಯಲ್ಲೇ ಕಟ್ಟುತ್ತಾನೆ. ಪದ್ಯವನ್ನು ಯಾವ ರಾಗದಲ್ಲಿ ಎತ್ತಬೇಕು, ಎಷ್ಟು ಬೆಳೆಸಬೇಕು, ಎಲ್ಲಿ ಏರುಪದಕ್ಕೆ ಹೊರಳಬೇಕು ಎಂಬುದು ಭಾಗವತರ ಕೈಯಲ್ಲಿರುತ್ತದೆ. ಅದೇ ಮೇಳ, ಅದೇ ಪ್ರಸಂಗ, ಅದೇ ಕಲಾವಿದರು ಇದ್ದರೂ ನಿನ್ನೆಯ ಆಟ ಇಂದಿನದಲ್ಲ. ಆದ್ದರಿಂದ ಪುಸ್ತಕ ಉಳಿದರೆ ಆಟ ಉಳಿದಂತಾಗುವುದಿಲ್ಲ.

ಅಭಿಮಾನಿಗಳ ಕೆಲಸ ಸುಲಭದ್ದಾಗಿರಲಿಲ್ಲ. ರಾತ್ರಿಯಿಂದ ಬೆಳಗಿನವರೆಗೆ ಎಂಟು ಗಂಟೆಯ ಆಟವೆಂದರೆ 480 ನಿಮಿಷ. ತೊಂಬತ್ತು ನಿಮಿಷದ ಕ್ಯಾಸೆಟ್ ಆದರೆ ಆರು ಬೇಕು, ಅರುವತ್ತರದ್ದಾದರೆ ಎಂಟು. ನಲವತ್ತೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕು, ನಿದ್ದೆ ತೂಗುವಂತಿಲ್ಲ. ಮೈಕಿನ ಹಾರನ್ನಿಗೆ ತೀರ ಹತ್ತಿರ ಕುಳಿತರೆ ದನಿ ಒಡೆಯುತ್ತದೆ, ದೂರ ಹೋದರೆ ಕಡಲೆಕಾಯಿ ಮಾರುವವನ ಕೂಗೇ ಮುಂದಾಗುತ್ತದೆ. ಎಷ್ಟೋ ಕ್ಯಾಸೆಟ್ಟುಗಳಲ್ಲಿ ಪದ್ಯದ ನಡುವೆ ಕಟಕ್ಕೆಂದು ಸದ್ದಾಗಿ, ಮತ್ತೆ ಶುರುವಾಗುವ ಹೊತ್ತಿಗೆ ಎರಡು ಸಾಲು ಹೋಗಿರುತ್ತವೆ. ಬೆಳಿಗ್ಗೆ ಮನೆಗೆ ಬಂದವರು ಮಾಡುತ್ತಿದ್ದ ಮೊದಲ ಕೆಲಸ, ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿಯುವುದು. ಹಾಗೆ ಮಾಡದಿದ್ದರೆ ಮಕ್ಕಳು ಅದರ ಮೇಲೆ ಸಿನಿಮಾ ಹಾಡು ತುಂಬಿಬಿಡುವ ಭಯ.

ಈ ಸಂಗ್ರಹದ ಬೆಲೆ ತಿಳಿಯಬೇಕಾದರೆ ಗುಂಡ್ಮಿ ಕಾಳಿಂಗ ನಾವಡರ ಒಂದು ಉದಾಹರಣೆ ಸಾಕು. 1958ರಲ್ಲಿ ಹುಟ್ಟಿದ ನಾವಡರು ಸಾಲಿಗ್ರಾಮ ಮೇಳದ ಭಾಗವತರಾಗಿ ಬಡಗುತಿಟ್ಟಿನ ಹಾಡುಗಾರಿಕೆಗೆ ಹೊಸ ರಾಗಗಳ ಬಣ್ಣ ತಂದರು. ಅವರು ಬರೆದ ‘ನಾಗಶ್ರೀ’ ಪ್ರಸಂಗ ಡೇರೆ ಮೇಳಗಳ ಕಾಲದಲ್ಲಿ ಜನರನ್ನು ಮುಗಿಬೀಳುವಂತೆ ಮಾಡಿತು. ಅವರ ಹೊಸತನವನ್ನು ಒಪ್ಪದವರೂ ಇದ್ದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ಅವರದು ಮೂವತ್ತರ ಆಸುಪಾಸಿನ ಪ್ರಾಯ. ಶಿಷ್ಯರನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿಕೊಡುವ ವಯಸ್ಸು ಅವರಿಗೆ ಬರಲೇ ಇಲ್ಲ.

ಇಂದು ಆ ಶೈಲಿಯಲ್ಲಿ ಹಾಡುವ ಎಷ್ಟೋ ತರುಣ ಭಾಗವತರು ನಾವಡರು ತೀರಿಕೊಂಡ ಮೇಲೆ ಹುಟ್ಟಿದವರು. ಅವರಿಗೆ ಗುರುವಾಗಿ ಸಿಕ್ಕಿದ್ದು ಡೇರೆಯ ಮೂಲೆಯಲ್ಲಿ ಯಾರೋ ಕುಳಿತು ಮುದ್ರಿಸಿಕೊಂಡ ಕ್ಯಾಸೆಟ್ಟು, ಅದರ ನಕಲು, ಆ ನಕಲಿನ ನಕಲು. ಅವರ ಹಾಡುಗಾರಿಕೆಯ ಒಳಿತು ಕೆಡಕುಗಳ ಚರ್ಚೆಗೂ ಅದೇ ಆಧಾರ. ಆ ಪೆಟ್ಟಿಗೆಗಳು ಇಲ್ಲದೆ ಹೋಗಿದ್ದರೆ ನಾವಡರು ಇಂದು ಹಿರಿಯರ ಬಾಯಲ್ಲಿ ಒಂದು ಹೊಗಳಿಕೆಯಾಗಿ ಮಾತ್ರ ಉಳಿಯುತ್ತಿದ್ದರು.

ತಾಳಮದ್ದಳೆಯ ವಿಷಯವೂ ಹೀಗೆಯೇ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದು ಪದ್ಯ ಮತ್ತು ಮಾತು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿಯೋ ರಾವಣನಾಗಿಯೋ ಮಾತಿಗೆ ಕುಳಿತರೆ ಎದುರಿನ ಅರ್ಥಧಾರಿಯ ಪ್ರಶ್ನೆಗೆ ತಕ್ಕಂತೆ ವಾದದ ದಿಕ್ಕೇ ಬದಲಾಗುತ್ತಿತ್ತು. ಅದನ್ನು ಬರೆದಿಡುವುದು ಆಗದ ಕೆಲಸ. ಅಂದು ಎದುರಿಗೆ ಕ್ಯಾಸೆಟ್ ಇಟ್ಟುಕೊಂಡು ಕುಳಿತವರ ದಯೆಯಿಂದ ಆ ವಾದಗಳನ್ನು ನಾವಿಂದು ಕೇಳುತ್ತಿದ್ದೇವೆ.

ಕಡಲಾಚೆಯ ಅಭಿಮಾನಿಗಳು

ಇದೇ ಹುಚ್ಚು ಬೇರೆ ದೇಶಗಳಲ್ಲೂ ಬೆಳೆದಿತ್ತು ಎಂದರೆ ತಮಗೆ ಕುತೂಹಲವಾದೀತು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡ ಮೂವತ್ತು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಛೇರಿಗಳನ್ನು ನೀಡಿತು. ನಮ್ಮ ಮೇಳಗಳಂತೆ ಆ ತಂಡವೂ ಒಂದು ಹಾಡನ್ನು ಎರಡು ರಾತ್ರಿ ಒಂದೇ ರೀತಿಯಲ್ಲಿ ನುಡಿಸುತ್ತಿರಲಿಲ್ಲ. ಹಾಗಾಗಿ ಅಭಿಮಾನಿಗಳು ಮೈಕು, ಟೇಪುಗಳೊಂದಿಗೆ ಊರಿಂದ ಊರಿಗೆ ಹಿಂಬಾಲಿಸಿದರು. ತಂಡ ಅವರನ್ನು ಓಡಿಸಲಿಲ್ಲ. 1984ರಿಂದ ಮುದ್ರಿಸಿಕೊಳ್ಳುವವರಿಗೆಂದೇ ಸಭಾಂಗಣದಲ್ಲಿ ಬೇರೆ ಜಾಗ ಕೊಟ್ಟಿತು. ಷರತ್ತು ಒಂದೇ: ಮಾರಬಾರದು, ಬೇಕಾದರೆ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಬಹುದು.

ಅಲ್ಲಿನ ಸಂಗ್ರಾಹಕರಲ್ಲಿ ಒಂದು ಒಳ್ಳೆಯ ರೂಢಿ ಬೆಳೆಯಿತು. ಹೊಸಬ ಖಾಲಿ ಕ್ಯಾಸೆಟ್ಟನ್ನೂ ಅಂಚೆ ವೆಚ್ಚವನ್ನೂ ಕಳುಹಿಸಿದರೆ ಹಳಬ ಬೇಕಾದ ಕಛೇರಿಯನ್ನು ತುಂಬಿ ಕಳುಹಿಸುತ್ತಿದ್ದ. ಪ್ರತಿ ಕ್ಯಾಸೆಟ್ಟಿನ ಮೇಲೆ ತಾರೀಖು, ಊರು, ಹಾಡುಗಳ ಪಟ್ಟಿ, ಮೂಲದಿಂದ ಇದು ಎಷ್ಟನೆಯ ನಕಲು ಎಂಬ ವಿವರ ಕಡ್ಡಾಯ. ಅದರ ಫಲವಾಗಿ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಕಛೇರಿಯನ್ನು ಅಭಿಮಾನಿಗಳು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಅದನ್ನು ಸೇರಿಸಿತು.

ಕಲಾವಿದನ ಅನ್ನ

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕಲಾವಿದ ರಾತ್ರಿಯಿಡೀ ದುಡಿದದ್ದನ್ನು ನಾವು ಪುಕ್ಕಟೆ ಒಯ್ದಂತಾಗಲಿಲ್ಲವೇ? ಮೇಳದ ಯಜಮಾನನಿಗೂ ಕಲಾವಿದನಿಗೂ ಟಿಕೆಟ್ಟಿನ ಹಣವೇ ಅನ್ನ. ಮನೆಯಲ್ಲಿ ಕುಳಿತು ಆಟ ಕೇಳುವಂತಾದರೆ ಡೇರೆಗೆ ಬರುವವರು ಯಾರು ಎಂಬ ಆತಂಕ ನ್ಯಾಯವಾದದ್ದೇ.

ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ವೇದಿಕೆಯ ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ ಹಕ್ಕು ದೊರೆತದ್ದು 1994ರ ತಿದ್ದುಪಡಿಯಿಂದ. ಅವನ ಒಪ್ಪಿಗೆಯಿಲ್ಲದೆ ಮುದ್ರಿಸಿ ಮಾರುವುದು ತಪ್ಪು. ಸ್ವಂತ ಬಳಕೆಗೆ, ಬೋಧನೆ ಸಂಶೋಧನೆಗಳಿಗೆ ಮುದ್ರಿಸಿಕೊಳ್ಳಲು ಕಾಯಿದೆ ಅವಕಾಶ ಕೊಟ್ಟಿದೆ. ಕಾಯಿದೆ ಬರುವುದಕ್ಕೆ ಮೊದಲೇ ಒಳ್ಳೆಯ ಸಂಗ್ರಾಹಕ ಈ ಗೆರೆಯನ್ನು ಬಲ್ಲವನಾಗಿದ್ದ. ಅವನು ಭಾಗವತರ ಬಳಿ ಹೋಗಿ ಒಂದು ಮಾತು ಕೇಳಿಯೇ ಯಂತ್ರ ಇಡುತ್ತಿದ್ದ, ಕೇಳಿದ ಗೆಳೆಯರಿಗೆ ನಕಲು ಕೊಡುತ್ತಿದ್ದ, ದುಡ್ಡು ಮುಟ್ಟುತ್ತಿರಲಿಲ್ಲ.

ಈಗ ಕ್ಯಾಸೆಟ್ಟಿನ ಕಾಲ ಮುಗಿದಿದೆ. ಜೇಬಿನ ಫೋನಿನಲ್ಲೇ ಆಟವನ್ನು ಚಿತ್ರ ಸಮೇತ ಹಿಡಿದು, ಬೆಳಗಾಗುವುದರೊಳಗೆ ಲೋಕಕ್ಕೆಲ್ಲ ಹಂಚಬಹುದು. ಹಳೆಯ ಕ್ಯಾಸೆಟ್ಟಿನ ತುಣುಕುಗಳೂ ಹಾಗೆ ಹರಿದಾಡುತ್ತಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಮದ್ದಳೆ ಯಾರದು, ಚಂಡೆ ಯಾರದು, ಯಾವ ಊರು, ಯಾವ ವರ್ಷ ಎಂಬ ವಿವರ ಇರುವುದಿಲ್ಲ. ಹಣ ಕೊಡಲಾಗದ ಕಡೆ ಹೆಸರನ್ನಾದರೂ ಕೊಡುವುದು ನಮ್ಮ ಕರ್ತವ್ಯ. ಹಾಡಿದವರ ಹೆಸರು ಉಳಿದರೂ ನುಡಿಸಿದವರ ಹೆಸರು ಅಳಿದುಹೋಗುವುದು ಹಿಮ್ಮೇಳಕ್ಕೆ ಮಾಡುವ ದೊಡ್ಡ ಅನ್ಯಾಯ.

ಮಳೆಗಾಲ ಮತ್ತು ಬೂಷ್ಟು

ಮಲೆನಾಡಿನಲ್ಲಿ ಕ್ಯಾಸೆಟ್ಟಿಗೆ ದೊಡ್ಡ ಶತ್ರು ಮಳೆಗಾಲ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಳಗೆ ಸುಮಾರು 130 ಮೀಟರು ಉದ್ದದ, ಕೂದಲಿಗಿಂತ ತೆಳುವಾದ ಟೇಪು ಇರುತ್ತದೆ. ತೇವಕ್ಕೆ ಅದರ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ, ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಅಂಥ ಕ್ಯಾಸೆಟ್ಟನ್ನು ಆತುರದಲ್ಲಿ ಯಂತ್ರಕ್ಕೆ ಹಾಕಿ ಒತ್ತಿದರೆ ಟೇಪು ಹರಿದು, ಒಂದು ರಾತ್ರಿ ಶಾಶ್ವತವಾಗಿ ಹೋಗುತ್ತದೆ. ಮೊದಲು ಬೂಷ್ಟನ್ನು ತಿಳಿದವರ ಕೈಯಿಂದ ತೆಗೆಸಬೇಕು. ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಒಳ್ಳೆಯ ಪ್ಲೇಯರಿನಲ್ಲಿ ಒಮ್ಮೆ ನುಡಿಸಿ, ಕಂಪ್ಯೂಟರಿಗೆ ಪೂರ್ಣ ಗುಣಮಟ್ಟದಲ್ಲಿ ಇಳಿಸಬೇಕು. ಹಂಚುವುದಕ್ಕೆ ಸಣ್ಣ ಕಡತ ಸಾಕು. ಕಾಪಿಡುವುದಕ್ಕೆ ದೊಡ್ಡದೇ ಬೇಕು. ಅದರ ಪ್ರತಿಗಳು ಎರಡು ಮೂರು ಕಡೆ ಇರಲಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.

ಮನೆಮನೆಯ ಸಂಗ್ರಹದಿಂದ ನಾಡಿನ ಆಸ್ತಿ ಹೊರಬರುವುದು ನಮಗೆ ಹೊಸತಲ್ಲ. ಅಲ್ಲಮಪ್ರಭು ಹುಟ್ಟಿದ ಬಳ್ಳಿಗಾವಿ ಈಸೂರಿರುವ ಶಿಕಾರಿಪುರ ತಾಲ್ಲೂಕಿನಲ್ಲೇ ಇದೆ. ಆತನ ವಚನಗಳೂ ಇತರ ಶರಣರ ವಚನಗಳೂ ಶತಮಾನಗಳ ಕಾಲ ತಾಳೆಗರಿಯ ಕಟ್ಟುಗಳಲ್ಲಿ, ಮಠಗಳಲ್ಲಿ, ಭಕ್ತರ ಮನೆಯ ಜಗುಲಿಯ ಮೇಲೆ ಉಳಿದಿದ್ದವು. ಎಷ್ಟೋ ಕಡೆ ಅವುಗಳಿಗೆ ಪೂಜೆ ನಡೆಯುತ್ತಿತ್ತು, ಓದು ನಡೆಯುತ್ತಿರಲಿಲ್ಲ. ಫ.ಗು. ಹಳಕಟ್ಟಿಯವರು (1880–1964) ಅಂಥ ಮನೆಗಳ ಬಾಗಿಲು ತಟ್ಟಿ, ಕಟ್ಟು ಬಿಚ್ಚಿಸಿ, ಪ್ರತಿ ಮಾಡಿಕೊಂಡು 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಕಟ್ಟಿಟ್ಟವನ ಭಕ್ತಿಯ ಜೊತೆಗೆ ಬಿಚ್ಚಿದವನ ಶ್ರಮವೂ ಕೂಡಿದಾಗ ಅದು ಎಲ್ಲರ ಸೊತ್ತಾಯಿತು.

ಇಂದು ಹಳೆಯ ಟ್ರಂಕುಗಳಲ್ಲಿ, ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಗಳಲ್ಲಿ ಮಲಗಿರುವ ಕ್ಯಾಸೆಟ್ಟುಗಳು ಅದೇ ಸ್ಥಿತಿಯಲ್ಲಿವೆ. ಅವನ್ನು ಮುದ್ರಿಸಿದವರು ಈಗ ಅರುವತ್ತು, ಎಪ್ಪತ್ತು ದಾಟಿದ್ದಾರೆ. ಟೇಪಿನಷ್ಟೇ ಬೇಗ ಸವೆಯುತ್ತಿರುವುದು ಅವರ ನೆನಪು. ಹೊದಿಕೆಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ‘ಗದಾಯುದ್ಧ, ಎರಡನೇ ಭಾಗ’ ಎಂಬುದರ ಅರ್ಥ ಪೂರ್ತಿ ಗೊತ್ತಿರುವುದು ಅವರೊಬ್ಬರಿಗೇ. ಆ ದನಿ ಕೇಳಿ ಇಂಥವರೇ ಕೌರವ, ಇಂಥವರದೇ ಮದ್ದಳೆ, ಇಂಥ ಊರಿನ ಗದ್ದೆಯಲ್ಲಿ ನಡೆದದ್ದು ಎಂದು ಹೇಳಬಲ್ಲವರು ಇನ್ನೆಷ್ಟು ವರ್ಷ ನಮ್ಮೊಡನೆ ಇದ್ದಾರು?

ಆದಕಾರಣ ತಮ್ಮಲ್ಲಿ ಒಂದು ವಿನಂತಿ. ಮನೆಯಲ್ಲಿ ಅಂಥ ಡಬ್ಬವಿದ್ದರೆ ಈ ಬಿಸಿಲಿನ ದಿನಗಳಲ್ಲೇ ಕೆಳಗಿಳಿಸಿ. ಮುದ್ರಿಸಿದ ಅಜ್ಜನನ್ನೋ ಚಿಕ್ಕಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿ. ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತಾರೀಖು, ಊರು, ಮೇಳ, ಪ್ರಸಂಗ, ಹಿಮ್ಮೇಳ, ಮುಮ್ಮೇಳ, ಮುದ್ರಿಸಿದವರು: ಈ ಏಳು ಸಾಲು ಸಾಕು. ಉಳಿದದ್ದನ್ನು ಆ ರಾತ್ರಿಯ ದನಿಯೇ ಹೇಳುತ್ತದೆ.